ಸಹಾಯ ಬೇಕು: ಅಜ್ಜಿ ಮನೆಯಲ್ಲೇ ಇದ್ದರೂ ‘ಯಾರೂ ಇಲ್ಲ’ ಅನ್ನುತ್ತಿದೆ

ನಮಸ್ಕಾರ. ಬಸವನಗುಡಿಯ ನಮ್ಮ ಮನೆಯಲ್ಲಿ ಹೋಮ್ ಅಸಿಸ್ಟೆಂಟ್ (ಲೈಟು, ಫ್ಯಾನುಗಳನ್ನು ತಾನಾಗಿ ನಡೆಸುವ ಸಾಫ್ಟ್‌ವೇರ್) ಹಾಕಿದ್ದೇನೆ. ಎಲ್ಲರ ಫೋನೂ ವೈಫೈಯಿಂದ ಹೋದರೆ ಮನೆ ಖಾಲಿ ಅಂತ ಲೆಕ್ಕ. ಲೈಟು, ಫ್ಯಾನು ತಾವಾಗಿಯೇ ಆಫ್ ಆಗುತ್ತವೆ.

ನನ್ನ ಫೋನ್ ಸ್ಲೀಪ್ ಆಗಿ ವೈಫೈ ಬಿಟ್ಟಾಗ ನಾನೂ ‘ಹೊರಗೆ’ ಆಗುತ್ತಿದ್ದೆ. ‘ಹೊರಗೆ’ ಅನ್ನುವ ಮೊದಲು ಕಾಯುವ ಸಮಯವನ್ನು 180 ಸೆಕೆಂಡಿನಿಂದ 15 ನಿಮಿಷಕ್ಕೆ ಏರಿಸಿದೆ, ಅದು ಸರಿಹೋಯಿತು.

ತೊಂದರೆ ಅಜ್ಜಿಯದ್ದು. ಅವರ ಹತ್ತಿರ ಫೋನೇ ಇಲ್ಲ. ಹಾಲ್‌ನಲ್ಲಿ ಪಿಐಆರ್ ಸೆನ್ಸರ್ ಇದೆ, ಆದರೆ ಅದಕ್ಕೆ ಓಡಾಡಿದರಷ್ಟೇ ಗೊತ್ತಾಗುವುದು. ಅಜ್ಜಿ ಹೂ ಕಟ್ಟುತ್ತಾ ಕೂತರೆ ಅಲ್ಲಾಡುವುದು ಬೆರಳು ಮಾತ್ರ. ಮೊನ್ನೆ ಸಂಜೆ ಮಲ್ಲಿಗೆ ಅರ್ಧ ಮಾರು ಆಗಿತ್ತು, ಲೈಟ್ ಹೋಯಿತು. ‘ನಾನಿನ್ನೂ ಇದ್ದೀನಿ ಕಣೋ’ ಅಂತ ಕತ್ತಲೆಯಲ್ಲೇ ಕೂಗಿದರು!

ಎಸ್‌.ಪಿ. ರೋಡಿನಿಂದ ಎಲ್‌ಡಿ2410 ರಾಡಾರ್ ಸೆನ್ಸರ್ ತಂದು ಇಎಸ್‌ಪಿ32 ಎಂಬ ಪುಟ್ಟ ವೈಫೈ ಬೋರ್ಡಿಗೆ ಜೋಡಿಸಿದೆ. ಸುಮ್ನೆ ಕೂತವರನ್ನೂ ಹಿಡಿಯುತ್ತದೆ, ಚೆನ್ನಾಗಿದೆ. ಆದರೆ ತಿರುಗುವ ಫ್ಯಾನನ್ನೂ ಮನುಷ್ಯ ಅಂದುಕೊಳ್ಳುತ್ತದೆ. ಆಮೇಲೆ ಫ್ಯಾನ್ ಆಫ್ ಆಗುವುದೇ ಇಲ್ಲ, ಅಲ್ವಾ?

ಈ ರಾಡಾರ್ ಸೆನ್ಸರಿನಲ್ಲಿ 0.75 ಮೀಟರಿಗೊಂದು ಗೇಟ್ (ದೂರದ ಒಂದೊಂದು ಪಟ್ಟಿ) ಇದೆ. ಫ್ಯಾನ್ ಇರುವ ದೂರದ ಗೇಟಿನ ಸೆನ್ಸಿಟಿವಿಟಿ ಇಳಿಸಿದರೆ ಅಜ್ಜಿಯ ಕುರ್ಚಿಯೂ ತಪ್ಪಿಹೋಗುತ್ತಿದೆ. ಸೆನ್ಸರನ್ನು ಎಷ್ಟು ಎತ್ತರದಲ್ಲಿ, ಯಾವ ಕಡೆ ತಿರುಗಿಸಿ ಕೂರಿಸಲಿ? ಇಲ್ಲಾ, ಬಾಗಿಲಿಗೊಂದು ಸೆನ್ಸರ್ ಹಾಕಿ ‘ಬಾಗಿಲು ಮುಚ್ಚಿದ ಮೇಲೂ ಒಳಗೆ ಓಡಾಟ ಕಂಡರೆ ಜನ ಇದ್ದಾರೆ’ ಅಂತ ಮಾಡಿದವರು ಯಾರಾದರೂ ಇದ್ದೀರಾ? ಕ್ಯಾಮೆರಾ ಮಾತ್ರ ಬೇಡ, ಅಜ್ಜಿ ಒಪ್ಪಲ್ಲ.