ಕೊಳಕುಮಂಡಲ ಹಾವೂ ಮರಿ ಹಾಕುತ್ತಲ್ಲ ಟೀಚರ್? ಸಣ್ಣ ಮಕ್ಕಳಿಗೆ ಸಸ್ತನಿ ಪಾಠ ಹೇಗೆ?

ತುಂಗೆ ಬದಿಯ ಟೀಚರ್:
ತೀರ್ಥಹಳ್ಳಿ ಕಡೆಯ ಸಣ್ಣ ಶಾಲೆಯಲ್ಲಿ ನಲಿ-ಕಲಿ ತರಗತಿ ನನ್ನದು. ಒಂದರಿಂದ ಮೂರನೇ ಕ್ಲಾಸಿನವರೆಗೆ ಒಟ್ಟು 14 ಮಕ್ಕಳು. ಕಳೆದ ವಾರ "ಮೊಟ್ಟೆ ಇಡುವುದು ಹಕ್ಕಿ, ಹಾವು. ಮರಿ ಹಾಕುವುದು ಸಸ್ತನಿ" ಎಂದು ಹೇಳಿಕೊಟ್ಟೆ. ಎರಡನೇ ಕ್ಲಾಸಿನ ಹುಡುಗ ಎದ್ದು ನಿಂತ. "ಕೊಳಕುಮಂಡಲ ಮರಿ ಹಾಕುತ್ತೆ ಟೀಚರ್. ನಮ್ಮ ತೋಟದಲ್ಲಿ ಅಪ್ಪ ನೋಡಿದ್ದಾರೆ" ಎಂದ. ಅವನು ಹೇಳಿದ್ದು ಸರಿ. ನಾನು ಹೇಳಿಕೊಟ್ಟದ್ದೇ ತಪ್ಪು.

ಮತ್ತೊಬ್ಬಳು ಬಾವಲಿ ಚಿತ್ರವನ್ನು ಹಕ್ಕಿಗಳ ಸಾಲಿಗೆ ಅಂಟಿಸಿದಳು. ರೆಕ್ಕೆ ಇದೆಯಲ್ಲ! ಸುಮ್ನೆ "ಅದು ಸಸ್ತನಿ, ಬರೆದುಕೋ" ಎನ್ನಲು ಮನಸ್ಸಾಗಲಿಲ್ಲ. ಇವರು ದಿನಾ ಪ್ರಾಣಿಗಳನ್ನು ನೋಡಿಕೊಂಡೇ ಬೆಳೆಯುವ ಮಕ್ಕಳು. ಬಾಯಿಪಾಠ ಮಾಡಿಸದೆ, ಅವರೇ ಕಂಡುಕೊಳ್ಳುವ ಹಾಗೆ ಎಲ್ಲಿಂದ ಶುರು ಮಾಡಲಿ?

ಸಾಗರದ ಹಳೇ ಮೇಷ್ಟ್ರು:
ಟೀಚರ್, ಮರಿ-ಮೊಟ್ಟೆ ಲೆಕ್ಕ ಬಿಟ್ಟುಬಿಡಿ. ಹಾಲಿನಿಂದ ಶುರು ಮಾಡಿ. ಸಸ್ತನಿ ಅನ್ನುವ ಹೆಸರಲ್ಲೇ ಅದು ಇದೆ, ಅಲ್ವಾ? ಆಸ್ಟ್ರೇಲಿಯಾದ ಪ್ಲಾಟಿಪಸ್ ಮೊಟ್ಟೆ ಇಡುತ್ತದೆ, ಆದರೂ ಮರಿಗೆ ಹಾಲು ಕೊಡುತ್ತದೆ. ಹಾಗಾಗಿ ಅದೂ ಸಸ್ತನಿಯೇ.

ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಹತ್ತಿರದ ಕೊಟ್ಟಿಗೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮಲೆನಾಡು ಗಿಡ್ಡ ತಳಿಯ ಕುಳ್ಳ ಹಸು ಇದ್ದರೆ ಇನ್ನೂ ಒಳ್ಳೆಯದು, ಎಲ್ಲವೂ ಮಕ್ಕಳ ಕಣ್ಣಿನ ಎತ್ತರಕ್ಕೇ ಸಿಗುತ್ತದೆ. ಕರು ತಲೆಯಿಂದ ಕೆಚ್ಚಲಿಗೆ ಗುದ್ದುವುದು, ಬಾಲ ಕುಣಿಸುವುದು, ಬಾಯಿ ಸುತ್ತ ನೊರೆ ಕಟ್ಟುವುದು, ಎಲ್ಲ ನೋಡಲಿ. ಆಮೇಲೆ ಯಾವ ಪ್ರಾಣಿ ಬಂದರೂ ಒಂದೇ ಪ್ರಶ್ನೆ ಕೇಳಿ: ಇದರ ಮರಿ ಅಮ್ಮನ ಹಾಲು ಕುಡಿಯುತ್ತಾ? ಕೋಳಿಮರಿ ಹುಟ್ಟಿದ ಮಾರನೇ ದಿನವೇ ಕೆದಕಿ ತಿನ್ನುತ್ತದೆ. ಕೊಳಕುಮಂಡಲದ ಮರಿ ಹುಟ್ಟಿದ ಕೂಡಲೇ ತನ್ನ ದಾರಿ ಹಿಡಿಯುತ್ತದೆ. ನಿಮ್ಮ ಹುಡುಗನಿಗೆ ಉತ್ತರ ಸಿಕ್ಕಿತು.

ಬಾವಲಿಗೆ ಒಂದು ಹಳೇ ಕೊಡೆ ಸಾಕು. ಕೊಡೆಯ ಕಡ್ಡಿಗಳೇ ಅದರ ಉದ್ದ ಬೆರಳು, ಬಟ್ಟೆಯೇ ಚರ್ಮ. ಅದು ಗರಿಯ ರೆಕ್ಕೆ ಅಲ್ಲ, ಕೈ. ಹೆಬ್ಬೆರಳು ಮಾತ್ರ ಕೊಕ್ಕೆಯ ಹಾಗೆ ಹೊರಗೆ ಉಳಿದಿರುತ್ತದೆ. ಮರಿ ತಾಯಿಯ ಎದೆಗೆ ಅಂಟಿಕೊಂಡು ಹಾಲು ಕುಡಿಯುತ್ತದೆ.

ಗಾಜನೂರಿನವ:
ಸಾಧ್ಯವಾದರೆ ಸಕ್ರೆಬೈಲಿನ ಆನೆ ಬಿಡಾರಕ್ಕೆ ಒಮ್ಮೆ ಕರೆತನ್ನಿ. ಆನೆಮರಿ ಸೊಂಡಿಲಿನಿಂದ ಹಾಲು ಕುಡಿಯುತ್ತದೆ ಎಂದೇ ಜಾಸ್ತಿ ಮಕ್ಕಳು ಅಂದುಕೊಂಡಿರುತ್ತಾರೆ. ಅದು ಸೊಂಡಿಲನ್ನು ಮೇಲಕ್ಕೆ ಮಡಚಿ, ಬಾಯಿಯಿಂದಲೇ ಕುಡಿಯುತ್ತದೆ. ಹಸುವಿನ ಕೆಚ್ಚಲು ಹಿಂಗಾಲ ಹತ್ತಿರ, ಆನೆಯದು ಮುಂಗಾಲುಗಳ ನಡುವೆ. ಎಲ್ಲಿದೆ ಹುಡುಕಿ ಅಂತ ಮಕ್ಕಳಿಗೇ ಬಿಡಿ. ತಲೆ ಮೇಲಿನ ಒರಟು ಕೂದಲನ್ನೂ ತೋರಿಸಿ. ಮೈಮೇಲೆ ಕೂದಲಿರುವುದೂ ಸಸ್ತನಿಯ ಗುರುತೇ.

ಸೊರಬದ ಅಕ್ಕ:
ಒಂದು ಮಾತು ನೆನಪಿರಲಿ. ಮಂಗ ನೋಡಲು ಅಂತ ಬೇಸಿಗೆಯಲ್ಲಿ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಕ್ಯಾಸನೂರು ಕಾಡಿನಲ್ಲಿ. ಅದು ಉಣ್ಣೆ ಕಚ್ಚಿ ಬರುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ದೊಡ್ಡವರಿಗೆ ಹೇಳಬೇಕು ಎನ್ನುವುದನ್ನೂ ಇದೇ ಪಾಠದಲ್ಲಿ ಸೇರಿಸಿ. ಕೆಳಗೆ ಬಿದ್ದ ಬಾವಲಿಯನ್ನೂ ಮುಟ್ಟಬಾರದು.

ತುಂಗೆ ಬದಿಯ ಟೀಚರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ನೀವು ಹೇಳಿದ್ದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದ್ದೇನೆ.

ಮೇಷ್ಟ್ರೇ, ನಿನ್ನೆ ಕೊಟ್ಟಿಗೆಗೆ ಹೋಗಿ ಬಂದೆವು. ಕರು ಒಂದು ಮೊಲೆ ಬಿಟ್ಟು ಇನ್ನೊಂದಕ್ಕೆ ಬಾಯಿ ಹಾಕಿದಾಗಲೆಲ್ಲ ಮಕ್ಕಳು ಎಣಿಸಿದರು. ನಾಲ್ಕು. ಮಧ್ಯಾಹ್ನ ಕೊಡೆ ಬಿಚ್ಚಿ ಒಂದೊಂದೇ ಕಡ್ಡಿ ಮುಟ್ಟಿಸಿದೆ. ಬಾವಲಿ ಅಂಟಿಸಿದ ಹುಡುಗಿ ತನ್ನ ಐದು ಬೆರಳನ್ನೂ ಅಗಲಿಸಿ, ಬೆರಳ ನಡುವಿನ ಚರ್ಮ ಎಳೆದು ನೋಡಿಕೊಂಡಳು. ನಾನು ಏನೂ ಹೇಳಲಿಲ್ಲ. ಅವಳೇ ಹೋಗಿ ಬಾವಲಿಯನ್ನು ಕಿತ್ತು ಹಸುವಿನ ಪಕ್ಕ ಅಂಟಿಸಿದಳು.

ಆಗ ಕೊಳಕುಮಂಡಲದ ಹುಡುಗ "ಚಿಪ್ಪುಹಂದಿ?" ಎಂದ. ಅದರ ಮರಿಯೂ ಹಾಲು ಕುಡಿಯುತ್ತದೆ, ಅಮ್ಮನ ಬಾಲದ ಮೇಲೆ ಕೂತು ಸವಾರಿ ಮಾಡುತ್ತದೆ ಎಂದೆ. ಚಿಪ್ಪು ಯಾವುದರದ್ದು ಎಂದು ಕೇಳಿದ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದರದ್ದೇ ಎಂದೆ. ಗಂಟೆ ಹೊಡೆದರೂ ಹದಿನಾಲ್ಕು ಮಕ್ಕಳೂ ಉಗುರು ನೋಡಿಕೊಳ್ಳುತ್ತಾ ಕೂತಿದ್ದರು.