ಹ್ಯಾಚ್ ಹರಿದುಹೋಗುತ್ತಿದೆ, ಗೆರೆಗಳು ನಡುಗುತ್ತಿವೆ: ಸರ್ವೆ ನಕ್ಷೆ ಸೇರಿಸಿದ ಮೇಲೆ ಶುರುವಾದ ತೊಂದರೆ

ತೋಡಿನಬದಿ (ಉಡುಪಿ)

ನಮ್ಮದು ಇಬ್ಬರೇ ಇರುವ ಸಣ್ಣ ಲ್ಯಾಂಡ್‌ಸ್ಕೇಪ್ ಕಚೇರಿ. ಅಲೆವೂರಿನ ಕಡೆ 62 ಸೆಂಟ್ಸ್ ಜಾಗದಲ್ಲಿರುವ ಮನೆಯೊಂದರ ತೋಟವನ್ನು ವಿನ್ಯಾಸ ಮಾಡುತ್ತಿದ್ದೇವೆ. ಜಾಗದ ಮೂಲೆಯಲ್ಲಿ ನಾಗಬನ, ನಡುವೆ ಹಳೆಯ ಬಾವಿ, ಪಡುವಣಕ್ಕೆ ಇಳಿಜಾರು, ಕೆಳಗೆ ತೋಡು. ಆಟೋಕ್ಯಾಡ್‌ನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಬಿಡಿಸುವುದು ನಮ್ಮ ರೂಢಿ.

ಸರ್ವೆಯವರು ಕೊಟ್ಟ ನಕ್ಷೆಯನ್ನು ಎಕ್ಸ್‌ರೆಫ್ (ಹೊರಗಿನ ಕಡತದ ಜೋಡಣೆ) ಆಗಿ ಸೇರಿಸಿ, ಅದರ ಮೇಲೆಯೇ ವಿನ್ಯಾಸ ಬಿಡಿಸತೊಡಗಿದ ದಿನದಿಂದ ಕಾಟ ಶುರುವಾಗಿದೆ. ಪರದೆಯನ್ನು ಸರಿಸಿದರೆ ಗೆರೆಗಳು ನಡುಗುತ್ತವೆ. ಮುರಕಲ್ಲು ಹಾಸಿನ ಹ್ಯಾಚ್ (ಗಡಿಯೊಳಗೆ ತುಂಬುವ ಗೆರೆಗಳ ಮಾದರಿ) ತುಂಡುತುಂಡಾಗಿ ಕಾಣುತ್ತದೆ, ಹತ್ತಿರ ಹೋದರೆ ಮಾಯವಾಗುತ್ತದೆ. ಬಿಂದುವನ್ನು ಹಿಡಿಯುವ ಸ್ನ್ಯಾಪ್ ಗುರುತು ಗೆರೆಯ ತುದಿಯಲ್ಲಿ ಕೂರದೆ ಪಕ್ಕದಲ್ಲಿ ಕೂರುತ್ತದೆ. ರೀಜೆನ್ (ಪರದೆಯ ಚಿತ್ರವನ್ನು ಹೊಸದಾಗಿ ಬಿಡಿಸುವ ಕಮಾಂಡ್) ಕೊಟ್ಟರೆ ಒಂದು ಕ್ಷಣ ಸರಿಯಾಗಿ ಮತ್ತೆ ಅದೇ ರಾಗ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದ್ದೇನೆ, ಹಾರ್ಡ್‌ವೇರ್ ಆಕ್ಸಲರೇಷನ್ ಆರಿಸಿ ನೋಡಿದ್ದೇನೆ, ತಂತ್ರಾಂಶವನ್ನೇ ತೆಗೆದು ಮರಳಿ ಹಾಕಿದ್ದೇನೆ. ಮಳೆ ಹಿಡಿಯುವ ಮೊದಲು ಮಣ್ಣಿನ ಕೆಲಸ ಮುಗಿಯಬೇಕು, ಗುತ್ತಿಗೆದಾರರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಾರೆ.

ಕದ್ರಿಗುಡ್ಡೆ (ಮಂಗಳೂರು)

ರ‍್ಯಾಮ್ ಎಷ್ಟಿದೆ ಮೇಡಂ? ಮರಗಳ ಬ್ಲಾಕ್‌ಗಳು (ಮತ್ತೆ ಮತ್ತೆ ಇಡುವ ಸಿದ್ಧ ಚಿತ್ರಗಳು) ಭಾರವಾಗಿದ್ದರೆ ನಮ್ಮಲ್ಲಿಯೂ ಹೀಗೆಯೇ ಆಗುತ್ತಿತ್ತು. ಎಲೆ ಎಲೆಯನ್ನೂ ಬಿಡಿಸಿರುವ ಒಂದು ಮಾವಿನ ಬ್ಲಾಕ್ ಇತ್ತು. ನೂರು ಸಲ ಇಟ್ಟರೆ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು.

ಬೆಂಚ್‌ಮಾರ್ಕ್ (ಸುರತ್ಕಲ್)

ರ‍್ಯಾಮ್‌ಗೆ ಈಗಲೇ ದುಡ್ಡು ಹಾಕಬೇಡಿ. ಭಾರವಾದ ಬ್ಲಾಕ್ ಕೆಲಸವನ್ನು ನಿಧಾನ ಮಾಡುತ್ತದೆ, ಗೆರೆಯನ್ನು ನಡುಗಿಸುವುದಿಲ್ಲ. ಬಾವಿಯ ನಡುಬಿಂದುವಿಗೆ ನಿರ್ದೇಶಾಂಕ ತೋರಿಸುವ ‘ಐಡಿ’ ಕಮಾಂಡ್ ಕೊಟ್ಟು, ಬರುವ ಅಂಕಿಗಳನ್ನು ಇಲ್ಲಿ ಬರೆಯಿರಿ.

ತೋಡಿನಬದಿ

ಎಕ್ಸ್ 41,210, ವೈ 22,875 ಎಂದು ಬಂತು. ಸೊನ್ನೆಯಿಂದ ಐವತ್ತು ಮೀಟರ್ ಕೂಡ ಇಲ್ಲ. ಜಾಗದ ಕಲ್ಲಿನ ಮೂಲೆಯನ್ನು ಮೊನ್ನೆಯೇ ಯುಸಿಎಸ್ (ನಾವೇ ಇಟ್ಟುಕೊಳ್ಳುವ ನಿರ್ದೇಶಾಂಕ ಪದ್ಧತಿ) ಮೂಲಬಿಂದುವಾಗಿ ಮಾಡಿದ್ದೆ. ಹಾಗಾಗಿ ದೂರದ ನಿರ್ದೇಶಾಂಕದ ತೊಂದರೆ ಇರಲಾರದು ಎಂದುಕೊಂಡಿದ್ದೇನೆ.

ಬೆಂಚ್‌ಮಾರ್ಕ್

ಅಲ್ಲಿಯೇ ಮೋಸ ಹೋಗಿದ್ದೀರಿ. ಯುಸಿಎಸ್ ಬದಲಾಯಿಸಿದರೆ ಅಳತೆಪಟ್ಟಿಯ ಸೊನ್ನೆ ಸರಿಯುತ್ತದೆ, ಜಾಗ ಸರಿಯುವುದಿಲ್ಲ. ‘ಐಡಿ’ ತೋರಿಸುವುದು ಆಗ ಚಾಲ್ತಿಯಲ್ಲಿರುವ ಯುಸಿಎಸ್‌ನ ಅಂಕಿಯನ್ನು. ಯುಸಿಎಸ್ ಅನ್ನು ‘ವರ್ಲ್ಡ್’ಗೆ, ಅಂದರೆ ಕಡತದ ಮೂಲ ನಿರ್ದೇಶಾಂಕಕ್ಕೆ, ತಂದು ಮತ್ತೊಮ್ಮೆ ನೋಡಿ.

ತೋಡಿನಬದಿ

ಎಕ್ಸ್ 47,51,62,340. ವೈ 1,47,04,35,120. ಇದೇನು ಮಾರಾಯರೇ, ಫೋನ್ ನಂಬರ್ ಇದ್ದ ಹಾಗಿದೆ!

ಬೆಂಚ್‌ಮಾರ್ಕ್

ಸರ್ವೆಯವರ ತಪ್ಪಲ್ಲ. ಅವರು ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಪದ್ಧತಿ) ವಲಯ 43ರ ನಿರ್ದೇಶಾಂಕದಲ್ಲಿಯೇ ಕೊಟ್ಟಿದ್ದಾರೆ, ಕೊಡಬೇಕಾದದ್ದೂ ಹಾಗೆಯೇ. ಆ ಪದ್ಧತಿಯಲ್ಲಿ ಉತ್ತರದ ಅಂಕಿ ಭೂಮಧ್ಯರೇಖೆಯಿಂದ ಶುರುವಾಗುತ್ತದೆ. ಪೂರ್ವದ ಅಂಕಿಗೆ 75 ಡಿಗ್ರಿ ರೇಖಾಂಶವೇ ನಡುಗೆರೆ. ಆ ಗೆರೆಗೆ 5,00,000 ಮೀಟರ್ ಎಂಬ ಬೆಲೆ ಕೊಟ್ಟಿದ್ದಾರೆ. ನಮ್ಮ ಕರಾವಳಿ ಅದಕ್ಕಿಂತ ತುಸು ಪಡುವಣಕ್ಕಿರುವುದರಿಂದ ನಿಮಗೆ ನಾಲ್ಕು ಲಕ್ಷದ ಎಪ್ಪತ್ತೈದು ಸಾವಿರ ಚಿಲ್ಲರೆ ಬಂದಿದೆ. ಒಟ್ಟಿನಲ್ಲಿ ಅಲೆವೂರಿನ ಬಾವಿಯನ್ನು ನೀವು ಭೂಮಧ್ಯರೇಖೆಯಿಂದ, ಅದೂ ಮಿಲಿಮೀಟರ್‌ನಲ್ಲಿ, ಅಳೆಯುತ್ತಿದ್ದೀರಿ.

ಕಡತದೊಳಗೆ ಪ್ರತಿ ಬಿಂದುವೂ ಸುಮಾರು 15 ಅಂಕಿಗಳ ನಿಖರತೆಯಲ್ಲಿ ಉಳಿಯುತ್ತದೆ, ಆದ್ದರಿಂದ ನಿಮ್ಮ ಅಳತೆ ಕೆಟ್ಟಿಲ್ಲ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಸಾಮಾನ್ಯವಾಗಿ ಏಳು ಅಂಕಿಗಳ ನಿಖರತೆಯಲ್ಲಿ ಲೆಕ್ಕ ಹಾಕುತ್ತದೆ. ನಿಮ್ಮ ವೈ ಬೆಲೆಯಲ್ಲಿ ಹತ್ತು ಅಂಕಿಗಳಿವೆ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಅದು ಗುರುತಿಸಬಲ್ಲ ಅತಿ ಸಣ್ಣ ಹೆಜ್ಜೆ 128 ಮಿಲಿಮೀಟರ್. ಹಾಸುಗಲ್ಲಿನ ಸಂದು ಹತ್ತು ಮಿಲಿಮೀಟರ್ ಇರುವಾಗ ಹ್ಯಾಚ್ ಹರಿಯದೆ ಇನ್ನೇನಾದೀತು? ಮೀಟರ್‌ಗೆ ಬದಲಾಯಿಸಿದರೆ ಸರಿಹೋದೀತೇ ಎಂದು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಇಲ್ಲ. 14,70,435ರ ಹತ್ತಿರ ಆ ಹೆಜ್ಜೆ 0.125 ಮೀಟರ್. ಹೆಚ್ಚುಕಡಿಮೆ ಅಷ್ಟೇ ಆಯಿತು.

ಕದ್ರಿಗುಡ್ಡೆ

ಹಾಗಾದರೆ ಎಲ್ಲವನ್ನೂ ಆಯ್ದು ಸೊನ್ನೆಯ ಹತ್ತಿರಕ್ಕೆ ‘ಮೂವ್’ ಮಾಡಿದರೆ ಮುಗಿಯಿತಲ್ಲ?

ರೆಂಜದ ನೆರಳು (ಕಾರ್ಕಳ)

ದಯವಿಟ್ಟು ಬೇಡ. ನಾನು ಅದನ್ನೇ ಮಾಡಿ ಕೈ ಸುಟ್ಟುಕೊಂಡವನು. ಒಂದು ಕೆಲಸದಲ್ಲಿ ಸರ್ವೆ ಕಡತವನ್ನು ಕಣ್ಣಳತೆಯಲ್ಲಿ ಎಳೆದು ಸೊನ್ನೆಯ ಬಳಿ ಇಟ್ಟೆ. ಎಷ್ಟು ಸರಿಸಿದೆ ಎಂದು ಎಲ್ಲಿಯೂ ಬರೆದಿಡಲಿಲ್ಲ. ಎರಡು ತಿಂಗಳ ಮೇಲೆ ತೋಡಿನ ದಂಡೆಯನ್ನು ತಿದ್ದಿದ ಹೊಸ ಸರ್ವೆ ಬಂತು. ಹಳೆಯದರ ಮೇಲೆ ಕೂರಿಸಲು ಒಂದು ತೆಂಗಿನಮರ, ಒಂದು ಬಾವಿಕಟ್ಟೆ ಹಿಡಿದು ಹೊಂದಿಸಿದೆ. ತೆಂಗಿನಮರಕ್ಕೆ ನಡುಬಿಂದು ಎಲ್ಲಿದೆ ಹೇಳಿ? ಜಾಗದಲ್ಲಿ ಗೂಟ ಹೊಡೆದಾಗ ಕಾಲುದಾರಿಯ ಅಂಚು 40 ಸೆಂಟಿಮೀಟರ್ ಆಚೆ ಬಿತ್ತು. ಗುತ್ತಿಗೆದಾರರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಬೆಂಚ್‌ಮಾರ್ಕ್

ಅವರು ಹೇಳಿದ್ದೇ ಸರಿ. ಸರ್ವೆ ಕಡತವನ್ನು ಮುಟ್ಟಬೇಡಿ. ಮಿಲಿಮೀಟರ್‌ನ ಖಾಲಿ ಕಡತವೊಂದನ್ನು ತೆರೆಯಿರಿ. ಜಾಗಕ್ಕೆ ಹತ್ತಿರದ ಒಂದು ಗುಂಡು ಅಂಕಿ ಆರಿಸಿಕೊಳ್ಳಿ. ನಿಮಗೆ ಪೂರ್ವ 4,75,100 ಮೀಟರ್, ಉತ್ತರ 14,70,400 ಮೀಟರ್ ಚೆನ್ನಾಗಿ ಹೊಂದುತ್ತದೆ. ಈಗ ಸರ್ವೆಯನ್ನು ಎಕ್ಸ್‌ರೆಫ್ ಮಾಡುವಾಗ ಸೇರಿಸುವ ಬಿಂದುವಾಗಿ ಋಣ 475100000, ಋಣ 1470400000 ಎಂದು ಟೈಪ್ ಮಾಡಿ. ಮೌಸ್‌ನಿಂದ ತೋರಿಸಬೇಡಿ. ಎರಡೂ ಕಡತಗಳಲ್ಲಿ ‘ಇನ್ಸ್‌ಯೂನಿಟ್ಸ್’ (ಕಡತದ ಅಳತೆಮಾನ) ಸರಿಯಿದ್ದರೆ, ಅಂದರೆ ಸರ್ವೆಯಲ್ಲಿ ಮೀಟರ್, ನಿಮ್ಮದರಲ್ಲಿ ಮಿಲಿಮೀಟರ್ ಇದ್ದರೆ, ಸಾವಿರ ಪಟ್ಟು ಹಿಗ್ಗುವುದು ತಾನಾಗಿ ಆಗುತ್ತದೆ. ಬಾವಿ 62,340 ಮತ್ತು 35,120ಕ್ಕೆ ಬಂದು ಕೂರಬೇಕು.

ಈಗಾಗಲೇ ಬಿಡಿಸಿದ ವಿನ್ಯಾಸವನ್ನು ಹಳೆಯ ಕಡತದಿಂದ ‘ಕಾಪಿಬೇಸ್’ (ಆಧಾರಬಿಂದು ಕೊಟ್ಟು ನಕಲು ಮಾಡುವ ಕಮಾಂಡ್) ಮೂಲಕ ತನ್ನಿ. ಆಧಾರಬಿಂದುವಾಗಿ ಅದೇ ಎರಡು ಸಂಖ್ಯೆಗಳನ್ನು ಋಣ ಚಿಹ್ನೆಯಿಲ್ಲದೆ ಟೈಪ್ ಮಾಡಿ, ಹೊಸದರಲ್ಲಿ 0,0ಗೆ ಅಂಟಿಸಿ. ಎರಡು ಕಡೆಯೂ ಯುಸಿಎಸ್ ‘ವರ್ಲ್ಡ್’ನಲ್ಲಿರಲಿ. ಹ್ಯಾಚ್‌ಗಳನ್ನು ಮಾತ್ರ ತರಬೇಡಿ, ಹೊಸದಾಗಿ ಹಾಕಿ. ಆ ಎರಡು ಸಂಖ್ಯೆಗಳನ್ನು ಮೀಟರ್ ಲೆಕ್ಕದಲ್ಲಿ, ಅಂದರೆ 4,75,100 ಮತ್ತು 14,70,400 ಎಂದು, ನಕ್ಷೆಯ ಶೀರ್ಷಿಕೆಪಟ್ಟಿಯಲ್ಲಿಯೇ ಅಚ್ಚು ಹಾಕಿಸಿ. ಸರ್ವೆಯವರು ಟೋಟಲ್ ಸ್ಟೇಷನ್ (ಅಳತೆಯ ಯಂತ್ರ) ಇಟ್ಟು ಗಿಡದ ಗುಂಡಿ ಗುರುತಿಸುವ ದಿನ, ನಿಮ್ಮ ಅಂಕಿಯನ್ನು ಸಾವಿರದಿಂದ ಭಾಗಿಸಿ ಇವನ್ನು ಕೂಡಿಸಿದರೆ ಅವರ ಅಂಕಿ ಬರುತ್ತದೆ.

ಇನ್ನೊಂದು ಮಾತು. ಮನೆ ಕಾಗದದಲ್ಲಿ ನೇರ ಕಾಣಲಿ ಎಂದು ಜಾಗವನ್ನೇ ತಿರುಗಿಸುವ ಚಾಳಿ ನಮ್ಮಲ್ಲಿ ಅನೇಕರಿಗಿದೆ. ನೋಟವನ್ನು ತಿರುಗಿಸಿ. ವ್ಯೂಪೋರ್ಟ್‌ನಲ್ಲಿ (ಕಾಗದದ ಮೇಲಿನ ನೋಟದ ಕಿಟಕಿಯಲ್ಲಿ) ‘ಡಿವ್ಯೂ’ ಕೊಟ್ಟು ‘ಟ್ವಿಸ್ಟ್’ ಆಯ್ದರೆ ಆಯಿತು.

ತೋಡಿನಬದಿ

ನಡುಕ ನಿಂತಿತು! ಬಾವಿ ನೀವು ಹೇಳಿದಲ್ಲಿಯೇ ಕೂತಿತು. ಗಡಿಯ ವಿಸ್ತೀರ್ಣ ನೋಡಿದೆ, ಪಹಣಿಯ 62 ಸೆಂಟ್ಸ್‌ಗೆ ತಾಳೆಯಾಗುತ್ತದೆ. ಅಂಗಳದ ಹ್ಯಾಚ್ ಚೆನ್ನಾಗಿ ತುಂಬಿತು.

ಆದರೆ ತೋಡಿನ ಕಡೆ ಇಳಿಯುವ ದಾರಿಗೆ ಮಾತ್ರ ತುಂಬುತ್ತಿಲ್ಲ. ಗಡಿ ಮುಚ್ಚಿಲ್ಲ ಎನ್ನುತ್ತದೆ. ಮೇಲಿನಿಂದ ನೋಡಿದರೆ ಕೂದಲೆಳೆಯಷ್ಟೂ ಸಂದಿಲ್ಲ.

ರೆಂಜದ ನೆರಳು

ದಾರಿಯ ಅಂಚನ್ನು ಬಿಡಿಸುವಾಗ ಸಮೋನ್ನತಿ ರೇಖೆಗಳಿಗೋ (ಒಂದೇ ಎತ್ತರದ ಬಿಂದುಗಳನ್ನು ಕೂಡಿಸುವ ಗೆರೆಗಳು) ಮಟ್ಟದ ಬಿಂದುಗಳಿಗೋ ಸ್ನ್ಯಾಪ್ ಮಾಡಿದ್ದೀರಾ? ಗೆರೆ ಆಯ್ದು ಪ್ರಾಪರ್ಟೀಸ್‌ನಲ್ಲಿ ‘ಎಲಿವೇಷನ್’ ನೋಡಿ.

ತೋಡಿನಬದಿ

ಒಂದು ಅಂಚು 31,500. ಇನ್ನೊಂದು 30,000. ದಾರಿಯ ಎರಡು ಅಂಚುಗಳ ನಡುವೆ ಆಳೆತ್ತರಕ್ಕೆ ಹತ್ತಿರದ ಗೋಡೆ!

ರೆಂಜದ ನೆರಳು

ಹಾಗೆಯೇ. ಪಾಲಿಲೈನ್ (ಹಲವು ತುಂಡುಗಳು ಸೇರಿದ ಒಂದೇ ಗೆರೆ) ತನ್ನ ಮೊದಲ ಬಿಂದುವಿನ ಎತ್ತರವನ್ನೇ ಹಿಡಿದುಕೊಳ್ಳುತ್ತದೆ. ಎತ್ತರ ಬೇರೆಯಾದರೆ ಮೇಲಿನಿಂದ ಕೂಡಿದಂತೆ ಕಂಡರೂ ಅವು ಕೂಡಿಲ್ಲ. ನಿಮ್ಮ ಗೆರೆಗಳ ಎಲಿವೇಷನ್ ಸೊನ್ನೆ ಮಾಡಿ. ಮುಂದೆ ಬಿಡಿಸುವಾಗ ‘ಓಸ್ನ್ಯಾಪ್‌ಝಡ್’ ಬೆಲೆ 1 ಇರಲಿ, ಆಗ ಸ್ನ್ಯಾಪ್ ಎತ್ತರವನ್ನು ಎಳೆದುಕೊಳ್ಳುವುದಿಲ್ಲ. ಸಿಟ್ಟಿನಲ್ಲಿ ಸರ್ವೆಯನ್ನೇ ‘ಫ್ಲಾಟನ್’ (ಎತ್ತರಗಳನ್ನೆಲ್ಲ ಸೊನ್ನೆ ಮಾಡುವ ಕಮಾಂಡ್) ಮಾಡಿಬಿಡಬೇಡಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ನೀರು ಎತ್ತ ಹರಿಯುತ್ತದೆ ಎಂಬುದು ಆ ಎತ್ತರಗಳಲ್ಲಿಯೇ ಇದೆ.

ತೋಡಿನಬದಿ

ತುಂಬಿತು. ಫ್ಲಾಟನ್ ಕೊಡಲು ಕೈ ಹೋಗಿತ್ತು, ಸರಿಯಾದ ಹೊತ್ತಿಗೆ ಹೇಳಿದಿರಿ. ಗುತ್ತಿಗೆದಾರರಿಗೆ ನಕ್ಷೆ ಕಳುಹಿಸಿದ್ದೇನೆ. ಬೆಂಚ್‌ಮಾರ್ಕ್ ಸರ್, ಶೀರ್ಷಿಕೆಪಟ್ಟಿಯಲ್ಲಿ ಆ ಎರಡು ಸಂಖ್ಯೆಗಳನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: ‘ಇದು ಯಾರ ಮೊಬೈಲ್ ನಂಬರ್?’

ಕದ್ರಿಗುಡ್ಡೆ

ನನ್ನ ಮಾವಿನ ಬ್ಲಾಕ್ ಕಡತ ಇನ್ನೂ 38 ಎಂಬಿ ಇದೆ. ಅದಕ್ಕೆ ಬೇರೆ ಎಳೆ ಶುರು ಮಾಡುತ್ತೇನೆ.