ಡಯಟ್ ಬಿಟ್ಟ ಮ್ಯಾಲೆ ಕೂದ್ಲ ಉದರಾಕತ್ತಾವ, ಇದೆಂಥಾ ಲೆಕ್ಕ?

ನವನಗರ_ಹುಡುಗಿ (ಹುಬ್ಬಳ್ಳಿ):
ಎಲ್ಲಾರಿಗೂ ನಮಸ್ಕಾರ್ರಿ. ದೀಪಾವಳಿ ಮುಗದ ಮ್ಯಾಲೆ ತೂಕ ಇಳಸೂಣು ಅಂತ ಡಯಟ್ ಹಿಡಿದಿದ್ದೆ, ಮುಂಜಾನೆ ನಿಂಬಿಹಣ್ಣಿನ ನೀರು ಒಂದ್ ಸೇಬು, ಮಧ್ಯಾಹ್ನ ಸವತಿಕಾಯಿ ಗಜ್ಜರಿ, ರಾತ್ರಿ ಟೊಮೆಟೊ ಸೂಪ್, ರೊಟ್ಟಿ ಅನ್ನ ಬ್ಯಾಳಿ ಎಲ್ಲಾ ಬಂದ್. 81 ಕೆಜಿ ಇದ್ದಾಕಿ ಸಂಕ್ರಾಂತಿ ಹೊತ್ತಿಗೆ 67ಕ್ಕ ಬಂದೆ, ಆಫೀಸ್ನಾಗ ಎಲ್ಲಾರೂ ಗುರ್ತ ಸಿಗವಲ್ಲಿ ಬಿಡವಾ ಅಂದ್ರು, ಖುಷಿನೂ ಆತು. ಸಂಕ್ರಾಂತಿ ಮಾದ್ಲಿ ತಿಂದು ಡಯಟ್ ಬಿಟ್ಟೆ, ಈಗ ಎರಡೂ ಹೊತ್ತು ಊಟ ಮಾಡ್ತೇನಿ. ಆದ್ರ ಶಿವರಾತ್ರಿ ಆಸುಪಾಸಿನಿಂದ ಕೂದ್ಲ ಉದರಾಕತ್ತಾವ ನೋಡ್ರಿ, ಹಣಗಿ ತುಂಬ ಕೂದ್ಲ, ಬಚ್ಚಲ ಜಾಳಿಗಿ ಕಟ್ಟಿ ನೀರ ಹೋಗವಲ್ದು, ಹೆರಳಿಗೆ ರಬ್ಬರ್ ಬ್ಯಾಂಡ್ ಎರಡ್ ಸುತ್ತ ಹಾಕ್ತಿದ್ದೆ ಈಗ ನಾಕ್ ಸುತ್ತ ಹಾಕಿದ್ರೂ ಜಾರತೈತಿ. ನಮ್ಮವ್ವ ಎಲ್ಲಾ ರಂಗಪಂಚಮಿ ಬಣ್ಣದ್ದ ತಪ್ಪು ಅಂತಾಳ. ನಂಗ ತಿಳೀವಲ್ದು ಏನಂದ್ರ, ಉಪಾಸ ಇದ್ದಾಗ ಒಂದೂ ಉದರಿಲ್ಲ, ಉಣ್ಣಾಕ ಶುರು ಮಾಡಿದ ಮ್ಯಾಲೆ ಯಾಕ ಉದರಾಕತ್ತಾವ? ಯಾರಿಗಾರ ಹಿಂಗ ಆಗಿದ್ರ ಹೇಳ್ರಿ ಪ್ಲೀಸ್.

ಉಣಕಲ್_ಕಟ್ಟಿ:
ಬೋರ್ ನೀರಿಲೆ ತಲಿ ತೊಳಕೊಳ್ಳಾಕತ್ತೀರೇನ್ರಿ? ಅದನ್ನ ಮೊದ್ಲ ಬಿಡ್ರಿ. ಉಳ್ಳಾಗಡ್ಡಿ ರಸ ಹಚ್ಚಿ ಅರ್ಧಾ ತಾಸು ಬಿಡ್ರಿ, ಮ್ಯಾಲೆ ಬಯೋಟಿನ್ (ಒಂದ್ ಬಿ ವಿಟಮಿನ್) ಗುಳಗಿ ತಗೋರಿ, ನಮ್ಮ ಕಾಕಾನ ಮಗಳಿಗೆ ಭಾರಿ ಫರಕ್ ಆಗೈತಿ.

ಸಾಧನಕೇರಿ_ಅಕ್ಕ (ಧಾರವಾಡ):
ತಂಗಿ, ಬಣ್ಣಾನೂ ಅಲ್ಲ ನೀರೂ ಅಲ್ಲ. ರಂಗಪಂಚಮಿಗಿಂತ ಮೊದ್ಲ ಶುರು ಆಗ್ಯದ ಅಂತ ನೀನ ಬರದೀಯಲ್ಲ. ಇದಕ್ಕ ಡಾಕ್ಟರ್‌ಗೋಳು ಟೆಲೋಜೆನ್ ಎಫ್ಲುವಿಯಂ ಅಂತಾರ, ನನಗ ಬಾಣಂತನ ಆದ ಮ್ಯಾಲೆ ಆಗಿತ್ತು, ಕೆಲವರಿಗೆ ಡೆಂಗ್ಯೂ ಟೈಫಾಯ್ಡ್ ಆದ ಮ್ಯಾಲೂ ಆಗ್ತದ.

ಕೂದಲಾ ವರ್ಷಾನುಗಟ್ಟಲೆ ಬೆಳೀತಾವ, ಆಮ್ಯಾಲೆ ಬೆಳಿಯೂದು ನಿಲ್ಲಿಸಿ ಒಂದ್ ಮೂರ್ ತಿಂಗಳು ಸುಮ್ನ ಬೇರಿನಾಗ ಕೂತಿರ್ತಾವ, ಆಮ್ಯಾಲೆ ಉದುರ್ತಾವ. ಯಾವಾಗ್ಲೂ ಹತ್ರಾಗ ಒಂದ್ ಪಾಲು ಹಿಂಗ ಕೂತಿರ್ತಾವ, ಅದಕ್ಕ ದಿನಾ 50ರಿಂದ 100 ಕೂದಲಾ ಹೋದ್ರೂ ನಮಗ ಗೊತ್ತಾಗೂದಿಲ್ಲ. ನೀ ಒಮ್ಮಿಂದೊಮ್ಮೆಲೆ ಊಟ ಕಟ್ ಮಾಡಿದಿ. ಪಗಾರ ಅರ್ಧಾ ಆದ್ರ ಮನಿಯವರು ಮೊದ್ಲ ಸೀರಿ ಖರೀದಿ ನಿಲ್ಲಸ್ತಾರ ಹೊರತು ಹಾಲಿನವನ್ನ ಬಿಡಸೂದಿಲ್ಲ, ಮೈಯೂ ಹಂಗ, ಹೃದಯ ಮಿದುಳು ನಡಸ್ಕೊಂಡು ಕೂದಲಿನ ಕೆಲಸ ಬಂದ್ ಮಾಡ್ತದ. ಹಂಗ ಬಂದ್ ಆದ ಕೂದಲಾ ಎಲ್ಲಾ ಒಟ್ಟಿಗೆ ಎರಡ್ ಮೂರ್ ತಿಂಗಳ ಮ್ಯಾಲೆ ಉದುರ್ತಾವ. ಅಂದ್ರ ಈಗ ಹಣಗ್ಯಾಗ ಬರೂದು ಸೂಪ್ ಕುಡಿಯೂ ಕಾಲದ ಹಿಶೇಬು.

ಉದರಿದ ಕೂದಲಾ ಒಂದ್ ತಗೊಂಡು ಬುಡ ನೋಡು, ಬಿಳೀದು ಸಣ್ಣ ಗುಂಡು ಕಾಣ್ತದ. ಅದನ್ನ ನೋಡಿ ಬೇರ ಕಿತ್ತು ಬಂತು ಅಂತ ಗಾಬರಿ ಆಗಬ್ಯಾಡ, ಬೇರು ಒಳಗ ಇರ್ತದ, ಹೊಸಾದು ಬರ್ತದ. ಊಟ ಸರಿ ಇದ್ರ ಸಾಮಾನ್ಯವಾಗಿ ಆರ್ ತಿಂಗಳ ಒಳಗ ಉದರೂದು ಕಡಿಮಿ ಆಗ್ತದ, ಮೊದಲಿನ ಹೆರಳು ಬರಲಿಕ್ಕೆ ಮಾತ್ರ ಇನ್ನೂ ಟೈಮ್ ಹಿಡೀತದ. ಹಣಿ ಮ್ಯಾಲೆ ಗಿಡ್ಡ ಗಿಡ್ಡ ಕೂದಲಾ ನೆಟ್ಟಗ ನಿಂತ್ರ ಚೊಲೋ ಲಕ್ಷಣ. ಆದ್ರ ಬೈತಲಿ ಅಗಲ ಆಗ್ಲಿಕತ್ರ, ಇಲ್ಲಾ ರೂಪಾಯಿ ಅಗಲ ಒಂದೊಂದ್ ಕಡೆ ಬೋಳು ಕಂಡ್ರ ಇದು ಬ್ಯಾರೆ ಇರಬಹುದು, ಚರ್ಮದ ಡಾಕ್ಟರ್‌ಗೆ ತೋರಸು. ಮುಟ್ಟು ಏರುಪೇರು ಆಗ್ಯದೇನು, ಅದನ್ನೂ ಹೇಳು ಅವರಿಗೆ.

ಲ್ಯಾಬ್_ಅಣ್ಣ (ಗದಗ):
ನಾ ಲ್ಯಾಬ್ನಾಗ ಕೆಲಸ ಮಾಡ್ತೇನಿ, ಅದಕ್ಕ ಬಯೋಟಿನ್ ಬಗ್ಗೆ ಒಂದ್ ಮಾತು. ಮೈಯಾಗ ಬಯೋಟಿನ್ ಕಡಿಮಿ ಇದ್ದವರಿಗೆ ಅಷ್ಟ ಅದರಿಂದ ಉಪಯೋಗ, ಹಂಗ ಕಡಿಮಿ ಇರೋರು ಅಪರೂಪ. ಅದೂ ಹೋಗ್ಲಿ, ದೊಡ್ಡ ಡೋಸಿನ ಬಯೋಟಿನ್ ನುಂಗಿ ಥೈರಾಯ್ಡ್ ಟೆಸ್ಟ್ ಮಾಡಿಸಿದ್ರ ಕೆಲವೊಂದ್ ಮಷಿನ್ನಾಗ ರಿಪೋರ್ಟ್ ತಪ್ಪ ಬರ್ತೈತಿ, ಇಲ್ಲದ ಥೈರಾಯ್ಡ್ ಐತಿ ಅಂತ ತೋರಸ್ತೈತಿ. ಟೆಸ್ಟಿಗೆ ಬರೂಕಿಂತ ಮೊದ್ಲ ಎರಡ್ಮೂರ್ ದಿನ ನಿಲ್ಲಸಬೇಕು. ಉಳ್ಳಾಗಡ್ಡಿ ರಸ ಹಚ್ಚೂದು ನಿಮ್ಮ ಖುಷಿ, ವಾಸನಿ ನಿಮ್ಮ ಮನಿಯವರ ಕರ್ಮ.

ಮಾಡಸೂದಿದ್ರ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಾಗ ಕೂಡಿಟ್ಟ ಕಬ್ಬಿಣದ ಲೆಕ್ಕ), ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್) ಮಾಡಸ್ರಿ, ವಿಟಮಿನ್ ಬಿ12, ಡಿ ಬಗ್ಗೆ ಡಾಕ್ಟರ್ ಹೇಳಿದ್ರ ನೋಡೂಣು. ಹಿಮೋಗ್ಲೋಬಿನ್ ನಾರ್ಮಲ್ ಇದ್ದು ಫೆರಿಟಿನ್ ತಳಾ ಹಿಡದಿರೋ ಹೆಣ್ಮಕ್ಕಳು ಭಾಳ ಮಂದಿ ಇರ್ತಾರ, ಅಂದ್ರ ಗೋದಾಮಿನಾಗ ಕಬ್ಬಿಣ ಖಾಲಿ.

ನವನಗರ_ಹುಡುಗಿ:
ಅಕ್ಕಾರ, ಅಣ್ಣಾರ, ಥ್ಯಾಂಕ್ಸ್ ರಿ, ಜೀವಕ್ಕ ಸಮಾಧಾನ ಆತು. ಇನ್ನೊಂದ್ ಐದ್ ಕೆಜಿ ಇಳಸೂದೈತಿ, ಮತ್ತ ಡಯಟ್ ಮಾಡಿದ್ರ ಉಳದಿದ್ದೂ ಹೋಗ್ತಾವೇನು ಅಂತ ಹೆದರಿಕಿ. ನಮ್ಮ ಮನ್ಯಾಗ ತತ್ತಿ ತರಂಗಿಲ್ಲ, ಪ್ರೋಟೀನ್ ತಿನ್ನು ಅಂದ್ರ ಪೌಡರ್ ಡಬ್ಬಿ ತರಬೇಕೇನ್ರಿ?

ಬ್ಯಾಡಗಿ_ಖಾರ (ಹಾವೇರಿ):
ಡಬ್ಬಿ ಯಾಕ್ ಬೇಕವಾ. ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಲೆಕ್ಕದಾಗ ಒಂದ್ ಕೆಜಿ ತೂಕಕ್ಕ ದಿನಾ 0.83 ಗ್ರಾಂ ಪ್ರೋಟೀನ್, ನಿನಗ 55 ಗ್ರಾಂ ಆಸುಪಾಸು ಆತು. ಸೇಬಿನಾಗ ಅರ್ಧಾ ಗ್ರಾಂ ಸಿಗೂದ ಕಷ್ಟ, ಸವತಿಕಾಯಿದು ಕೇಳಬ್ಯಾಡ. ನೀ ಬಿಟ್ಟಿದ್ದ ರೊಟ್ಟಿ ಬ್ಯಾಳಿ ಒಳಗ ಎಲ್ಲಾ ಇತ್ತು ನೋಡು. ನೂರ್ ಗ್ರಾಂ ಜ್ವಾಳದ ಹಿಟ್ಟಿನಾಗ 10 ಗ್ರಾಂ, ಶೇಂಗಾದಾಗ 25, ಹೆಸರಬ್ಯಾಳಿಯಾಗ 24ರ ಆಸುಪಾಸು, ಪುಠಾಣಿಯಾಗೂ 20ರ ಸುತ್ತ ಐತಿ. ಒಂದ್ ಹೊತ್ತಿಗೆ ಒಂದ್ ರೊಟ್ಟಿ, ಬಟ್ಟಲ ತುಂಬ ಮಡಕಿ ಕಾಳ ಪಲ್ಯೆ, ಕಟ್ಟಿ ಮಸರು. ಬ್ಯಾಸರ ಆದ್ರ ಝುಣಕ ಮಾಡ್ಕೋ, ಎಣ್ಣಿ ಮಾತ್ರ ಚಮಚಾದಾಗ ಅಳದು ಹಾಕು, ಶೇಂಗಾ ಹಿಂಡಿನೂ ಮುಷ್ಟಿಗಟ್ಟಲೆ ಬ್ಯಾಡ, ಅದರಾಗ ಎಣ್ಣಿ ಭಾಳ. ಕಡಿಮಿ ಮಾಡೂದಿದ್ರ ಸಂಜಿಮುಂದ ಮಿರ್ಚಿ ಭಜಿ, ಚಾದಾಗಿನ ಸಕ್ರಿ, ಮದವಿ ಮನಿ ಬುಂದೆ ಕಡಿಮಿ ಮಾಡು.

ಕಬ್ಬಿಣಕ್ಕ ಮೆಂತೆ ಪಲ್ಯೆ, ರಾಜಗಿರಿ, ಅಳವಿ ತಿನ್ನು, ಮ್ಯಾಲೆ ನಿಂಬಿಹಣ್ಣು ಹಿಂಡ್ಕೋ. ಆದ್ರ ಉಂಡ ಕೂಡ್ಲೆ ಚಾ ಕುಡಿಯೂದಕ್ಕ ತಾಸ್ ತಡಿ, ಚಾ ಕಬ್ಬಿಣ ಹಿಡಕೊಂಡು ಮೈಗೆ ಹತ್ತಗೊಡಂಗಿಲ್ಲ, ನಮ್ಮ ಕಡೆ ಇದನ್ನ ಯಾರೂ ಕೇಳಂಗಿಲ್ಲ ಬಿಡು. ವಾರಕ್ಕ ಅರ್ಧಾ ಕೆಜಿ ಇಳದ್ರ ಸಾಕು. ಐದ್ ಕೆಜಿಗೆ ಎರಡೂವರಿ ಮೂರ್ ತಿಂಗಳು ಹಿಡೀಲಿ, ಯಾರಪ್ಪನ ಗಂಟು ಹೋಗೂದೈತಿ.

ನವನಗರ_ಹುಡುಗಿ:
ಈ ವಾರನ ಟೆಸ್ಟ್ ಮಾಡಸ್ತೇನಿ. ಅಣ್ಣಾರ, ಖಾಲಿ ಹೊಟ್ಟಿಲೆ ಹೋಗಬೇಕೇನ್ರಿ? ಸದ್ಯ ನೆಗಡಿ ಜ್ವರ ಬ್ಯಾರೆ ಬಂದಾವ.

ಲ್ಯಾಬ್_ಅಣ್ಣ (ಗದಗ):
ನಾ ಹೇಳಿದ ಮೂರಕ್ಕೂ ಉಪಾಸ ಬ್ಯಾಡ. ಆದ್ರ ಜ್ವರ ಇದ್ದಾಗ ಫೆರಿಟಿನ್ ಸುಳ್ಳೇ ಜಾಸ್ತಿ ತೋರಸ್ತೈತಿ, ಪೂರ್ತಿ ಆರಾಮ ಆಗಿ ಒಂದೆರಡ್ ವಾರ ಬಿಟ್ಟು ಹೋಗ್ರಿ. ಡಾಕ್ಟರ್‌ಗೆ ತೋರಸ್ದ ಕಬ್ಬಿಣದ ಗುಳಗಿ ನೀವ ತಗೊಂಡು ನುಂಗಬ್ಯಾಡ್ರಿ.